ದೀಪ ಹಚ್ಚಿದ ಮೇಲೆ ಕೊಟ್ಟ ಉಪ್ಪು

ಶಿರಾಲಿಯಲ್ಲಿ ಹೆದ್ದಾರಿಗೆ ಮುಖ ಮಾಡಿರುವ ನಮ್ಮ ದಿನಸಿ ಅಂಗಡಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದಿಲ್ಲ. ಕೊಟ್ಟರೆ ಅದರ ಜೊತೆ ಲಕ್ಷ್ಮಿಯೂ ಹೊಸ್ತಿಲು ದಾಟುತ್ತಾಳೆ ಎಂದು ಅತ್ತೆಯ ನಂಬಿಕೆ. ನನ್ನದೂ ಅದೇ. ಯಜಮಾನರು ಸಾಮಾನು ತರಲು ಭಟ್ಕಳಕ್ಕೆ ಹೋದ ದಿನ ಗಲ್ಲೆಯಲ್ಲಿ ಅತ್ತೆ ಕೂರುತ್ತಾರೆ. ತಕರಾರು ಬಂದರೆ ನನ್ನನ್ನು ಕರೆಯುತ್ತಾರೆ.

ಅಂಥದೊಂದು ಸಂಜೆ ಮಾತ್ರ ಕರೆಯಲಿಲ್ಲ. ಕೂಗಾಟ ಕೇಳಿ ನಾನೇ ಹೊರಗೆ ಬಂದೆ. ಮೀನು ಮಾರುವ ಹೆಂಗಸು ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ನಿಂತಿದ್ದಳು. ಬುಟ್ಟಿ ತುಂಬ ಮಾರಾಟವಾಗದ ಬಂಗಡೆ. ಐಸೆಲ್ಲ ಕರಗಿ ನೀರು ಸೋರುತ್ತಿತ್ತು. ಉಪ್ಪು ಹಾಕದಿದ್ದರೆ ಬೆಳಗಾಗುವುದರೊಳಗೆ ಅಷ್ಟೂ ಕೊಳೆತು ಹೋಗುತ್ತದೆ.

"ಮೂಟೆ ಎದುರಿಗೇ ಅದೆ. ಕೊಡುದಿಲ್ಲ ಅಂದ್ರೆ ಎಂತ ಅಮ್ಮಾ?"

"ದೀಪ ಹಚ್ಚಿ ಆತು. ಬೇರೆ ಅಂಗ್ಡಿ ನೋಡು," ಅಂದರು ಅತ್ತೆ.

"ಎಲ್ಲಾ ನೋಡೇ ಬಂದದ್ದು. ಎಲ್ರದ್ದೂ ಇದೇ ರಾಗ. ಆತು, ಈ ಮೀನು ಇಲ್ಲೇ ಸುರಿತೆ. ನಿಮ್ಮ ಲಕ್ಷ್ಮಿ ಮೂಗು ಮುಚ್ಕಂಡು ಕೂತ್ಕಳ್ಲಿ!"

"ನಾಲಿಗೆ ಬಿಗಿ ಹಿಡಿ!"

ಅವಳು ನನ್ನ ಕಡೆ ತಿರುಗಿದಳು. "ಇದು ಹಾಳಾದ್ರೆ ನಾಳೆ ಮೀನು ಕೊಳ್ಳೂಕೆ ದಕ್ಕೆಗೆ ಎಂತ ಹಿಡ್ಕಂಡು ಹೋಗ್ಲಿ? ನಿನ್ನ ದೀಪನಾ?"

ಆ ಮಾತಿಗೆ ನನಗೂ ಮೈ ಉರಿಯಿತು. ಆದರೆ ಉಣ್ಣುವ ವಸ್ತು ಕಣ್ಣೆದುರೇ ಕೊಳೆಯುತ್ತಿರುವಾಗ ಕೈಕಟ್ಟಿ ಕೂತವರ ಮನೆಯಲ್ಲಿ ಲಕ್ಷ್ಮಿಯಾದರೂ ಯಾಕೆ ನಿಂತಾಳು? ನಾನು ಮೂಟೆಯ ಬಾಯಿ ಬಿಚ್ಚಿದೆ.

"ಮನೆ ಹಾಳು ಮಾಡೂಕೆ ಬಂದ್ಯಾ ನೀನು?" ಅತ್ತೆ ಎದ್ದೇಬಿಟ್ಟರು.

"ದೇವ್ರ ಹತ್ರ ನಾ ಮಾತಾಡ್ಕಳ್ತೆ, ಅತ್ತೆ."

ಸಾಣಿಕಟ್ಟೆಯ ಕಲ್ಲುಪ್ಪು ತೂಗಿ ಕೊಟ್ಟೆ. ಅವಳು ದುಡ್ಡನ್ನು ತಕ್ಕಡಿಗೆ ಎಸೆದು, "ಮೊದ್ಲೇ ಕೊಡೂಕೆ ಎಂತ ರೋಗ ಆಗಿತ್ತು?" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿ, ಮೀನಿನ ಹೊಟ್ಟೆ ಸೀಳಿ ಉಪ್ಪು ತುಂಬತೊಡಗಿದಳು. ಅವಳು ಎದ್ದು ಹೋದ ಮೇಲೆ ಅತ್ತೆ ನನ್ನ ಕಾಲ ಮೇಲೂ ಬೀಳುವ ಹಾಗೆ ಹೊಸ್ತಿಲಿಗೆ ನೀರು ಚೆಲ್ಲಿದರು.

ಆಮೇಲೆ ಅತ್ತೆ ಗಲ್ಲೆಯಲ್ಲಿ ಕೂರಲಿಲ್ಲ. ಊಟಕ್ಕೆ ತಮ್ಮ ಉಪ್ಪಿನ ಡಬ್ಬಿಯನ್ನೇ ಬೇರೆ ಮಾಡಿಕೊಂಡರು. ಆ ಹೆಂಗಸೂ ಈಗ ಹಾಡುಹಗಲಲ್ಲೇ, ನನಗೆ ಕಾಣುವ ಹಾಗೆ, ಎದುರಿನ ಅಂಗಡಿಯಲ್ಲಿ ಉಪ್ಪು ಕೊಳ್ಳುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ.

ಇರಲಿ. ಲಾರಿ ಹಾದ ಗಾಳಿಗೆ ದಿನವೂ ಆರಿಹೋಗುವ ನಮ್ಮ ದೀಪ ಆ ಸಂಜೆ ಎಣ್ಣೆ ಮುಗಿಯುವವರೆಗೂ ಉರಿಯಿತು. ಮರುದಿನ ಅವಳು ಉಪ್ಪು ಹಾಕಿದ ಬಂಗಡೆಯ ಬುಟ್ಟಿ ಹೊತ್ತು, ನಮ್ಮ ಅಂಗಡಿಯ ಎದುರೇ ಬೇಕೆಂದೇ ಗಂಟಲು ಹರಿಯುವ ಹಾಗೆ ಕೂಗುತ್ತ ಹೋದಳು. ನಾನು ಒಳಗಿನಿಂದಲೇ ಆ ಬುಟ್ಟಿಗೆ ಕೈ ಮುಗಿದೆ.