ಹಳದೀಪುರದ ಸೋಮಣ್ಣನ ಕೈಗೆ ಸಿಕ್ಕ ಹಳೇ ಸ್ಪೀಕರು

“ಏಯ್, ಮುಟ್ಟಬೇಡ ಮಾರಾಯ! ಬಲೆ ಹೆಣೆಯೋ ಕೈ ಅದು. ನೀ ರಿಪೇರಿ ಮಾಡಿದ ಸ್ಪೀಕರು ಯಾವ್ದು ಅಂತ ನಾ ಎಲ್ಲಿ ಬೇಕಾದ್ರೂ ಹೇಳ್ತೆ. ತಗಡು ಬಡಿದಂಗೆ ಇರ್ತದೆ.”

ಹೋದ ತಿಂಗಳು ಕುಮಟೆಯಲ್ಲಿ, ಇಪ್ಪತ್ತು ಜನರ ಎದುರು, ಹಳದೀಪುರದ ಸೋಮ ಖಾರ್ವಿಯವರಿಗೆ ಬಿದ್ದ ಮಾತಿದು. ಆಡಿದವರು ಬ್ಯಾಂಕ್ ನೌಕರಿಯ ಪ್ರದೀಪ. ಹಳೇ ಸ್ಪೀಕರುಗಳ ಹುಚ್ಚಿರುವವರು ತಿಂಗಳಿಗೊಮ್ಮೆ ಅಲ್ಲಿ ಕೂಡುತ್ತಾರೆ. ಅವರೊಳಗೆ ಪ್ರದೀಪರ ಕಿವಿ ಹೇಳಿದ್ದೇ ಕೊನೆಯ ತೀರ್ಪು. ಎಲ್ಲರೂ ನಕ್ಕರು. ಸೋಮಣ್ಣನ ಅಪ್ಪ ಮೀನಿನ ಬಲೆ ಹೆಣೆದದ್ದು ಹೌದು, ಮಗನೂ ಹೆಣೆದದ್ದು ಹೌದು. ಅದರಲ್ಲಿ ನಗುವಂಥದ್ದು ಎಂತ ಇದೆಯೋ, ನಕ್ಕವರೇ ಹೇಳಬೇಕು.

ಆ ಕೈಯ ಕೆಲಸ ನೋಡಬೇಕಾದರೆ ಬೆಳಗಿನ ಐದಕ್ಕೆ ಏಳಬೇಕು. ಮನೆ ಮುಂದಿನ ಹೆದ್ದಾರಿಯಲ್ಲಿ ಲಾರಿಗಳ ಆರ್ಭಟ ಶುರುವಾಗುವ ಮುಂಚೆ ಸೋಮಣ್ಣ ಸ್ಪೀಕರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಅದರ ಆಲಿಕೆಯಂಥ ಕಾಗದದ ಕೋನನ್ನು ಬೆರಳತುದಿಯಿಂದ ಮೆಲ್ಲಗೆ ಅದುಮುತ್ತಾರೆ, ಬಿಡುತ್ತಾರೆ. ಒಳಗಿನ ತಂತಿಯ ಸುರುಳಿ ಕೂದಲೆಳೆಯಷ್ಟು ವಾಲಿದರೂ ಅಯಸ್ಕಾಂತಕ್ಕೆ ಉಜ್ಜುತ್ತದೆ.

“ಸರಸರ ಅಂತದೆ. ಮರಳ ಮೇಲೆ ಏಡಿ ಓಡಿದಂಗೆ. ಲಾರಿ ಬಂದ್ಮೇಲೆ ಆ ಸದ್ದು ಸಿಕ್ಕೂದಿಲ್ಲ.”

ಉಜ್ಜಿದರೆ ಸುರುಳಿಯ ಸುತ್ತ ಹಳೇ ಎಕ್ಸ್‌ರೇ ಹಾಳೆಯ ಪಟ್ಟಿ ತೂರಿಸಿ, ನಡುವಿಗೆ ತಂದು, ಅಂಟು ಹಾಕಿ ಎರಡು ದಿನ ಒಣಗಲು ಬಿಡುತ್ತಾರೆ. ಮೂವತ್ತೊಂದು ವರ್ಷಗಳಿಂದ ವಾರಕ್ಕೆ ಮೂರೇ ಸ್ಪೀಕರು. “ನಾ ಮಾಡಿದ್ದು ಅಂತ ಗೊತ್ತಾಗ್ಬಾರ್ದು. ಗೊತ್ತಾದ್ರೆ ಬಿಚ್ಚಿ ಮತ್ತೆ ಮಾಡ್ತೆ” ಎನ್ನುತ್ತಾರೆ. “ನಮ್ಮನೇಲಿ ಏಳು ಗಂಟೆ ತನಕ ಪಾತ್ರೆ ತೊಳೆಯೂಕೂ ಇಲ್ಲ, ಕೆಮ್ಮೂಕೂ ಇಲ್ಲ” ಎಂದು ಹೆಂಡತಿ ಸುಚಿತಾ ಗೊಣಗುತ್ತಾರೆ, ಗೊಣಗುವುದೂ ಪಿಸುದನಿಯಲ್ಲೇ.

ಸೋಮಣ್ಣ ಕೆಲಸ ಕಲಿತದ್ದು ಭಟ್ಕಳದ ರೇಡಿಯೋ ಅಂಗಡಿಯಲ್ಲಿ. ಗಲ್ಫಿನಿಂದ ಬಂದವರು ಸೊಂಟದೆತ್ತರದ ಸ್ಪೀಕರು ಹೊತ್ತು ತರುತ್ತಿದ್ದ ಕಾಲ. ಆಮೇಲೆ ಅವನ್ನೇ ಗುಜರಿಗೆ ಹಾಕಿದರು. ಈಗ ಅವೇ ಪೆಟ್ಟಿಗೆಗಳನ್ನು ಹುಡುಕಿಕೊಂಡು ದೂರದೂರಿಂದ ಜನ ಬರುತ್ತಾರೆ. ಹಳೇ ಕಾಗದದ ದನಿಯೇ ಬೇರೆಯಂತೆ. ಆದರೆ ಕಂಪನಿಯಿಂದ ಬಂದ ಹಾಗೇ ಇರಬೇಕಂತೆ, ಯಾರ ಕೈಯೂ ತಾಗಿರಬಾರದಂತೆ! ಈ ಉಪ್ಪು ಗಾಳಿಯಲ್ಲಿ ಕೈ ತಾಗದೆ ನಲವತ್ತು ವರ್ಷ ಯಾವ ಕಾಗದ ಉಳಿದೀತು?

ಭಟ್ಕಳದ ಇಸ್ಮಾಯಿಲ್ ಸಾಹೇಬರು ದುಬೈಯಿಂದ ತಂದ ಜೋಡಿಯಲ್ಲೂ ಒಂದು ಕೆಟ್ಟಿತ್ತು. ಕೋನು ಹರಿದು ಸುರುಳಿ ಸಿಕ್ಕಿಬಿದ್ದಿತ್ತು. ಕುಮಟೆಯ ಆ ನಗುವನ್ನು ಕಣ್ಣಾರೆ ಕಂಡಿದ್ದ ಸಾಹೇಬರು ಮಾರನೇ ದಿನವೇ ಅದನ್ನು ಸೋಮಣ್ಣನ ಮನೆಗೆ ತಂದಿಳಿಸಿದರು.

“ಸಾಹೇಬ್ರೆ, ಇದೊಂದು ಸರಿಯಾಗ್ದಿದ್ರೆ ನಾ ಈ ಕೆಲ್ಸವೇ ಬಿಟ್ಟೆ” ಎಂದ ಸೋಮಣ್ಣ ಒಂಬತ್ತು ಬೆಳಗು ಅದರ ಮುಂದೆಯೇ ಕೂತರು.

ಈ ಭಾನುವಾರ ಕುಮಟೆಯಲ್ಲಿ ಆ ಜೋಡಿ ಹಾಡುತ್ತದೆ. ಸ್ಪೀಕರುಗಳ ಮುಂದಿನ ಬಟ್ಟೆ ತೆಗೆದಿಲ್ಲ. ನೋಡಿ ಹೇಳುವಂತಿಲ್ಲ, ಕೇಳಿಯೇ ಹೇಳಬೇಕು. ಪ್ರದೀಪ ಎಡಕ್ಕೆ ಕಿವಿಗೊಡುತ್ತಾರೆ, ಬಲಕ್ಕೆ ಕಿವಿಗೊಡುತ್ತಾರೆ, ತಲೆದೂಗುತ್ತಾರೆ.

“ನೋಡಿ, ದನಿ ಅಂದ್ರೆ ಇದು! ಕಂಪನಿಯವ್ರು ಬಿಟ್ರೆ ಎರಡಕ್ಕೂ ಯಾರೂ ಕೈ ಹಾಕ್ಲಿಲ್ಲ.”

“ಒಂದಕ್ಕೆ ಹಾಕಿದಾರೆ” ಎನ್ನುತ್ತಾರೆ ಸಾಹೇಬರು. “ನಮ್ಮ ಸೋಮ.”

ಯಾರೂ ನಗುವುದಿಲ್ಲ. ಪ್ರದೀಪ ಅದೇ ಹಾಡನ್ನು ಮತ್ತೊಮ್ಮೆ ಹಾಕಿಸುತ್ತಾರೆ, ಮಗದೊಮ್ಮೆ ಹಾಕಿಸುತ್ತಾರೆ. ಕೊನೆಗೆ ಬಾಗಿಲ ಬಳಿ ನಿಂತಿದ್ದ ಸೋಮಣ್ಣನ ಕಡೆ ತಿರುಗುತ್ತಾರೆ.

“ಸೋಮಣ್ಣ, ನೀನೇ ಹೇಳು ಮಾರಾಯ. ಯಾವ್ದು? ಎಡದ್ದಾ, ಬಲದ್ದಾ?”

ಸೋಮಣ್ಣ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೋಗುವ ಹೊನ್ನಾವರದ ಬಸ್ಸು ಹಿಡಿಯಲು ನಡೆಯುತ್ತಾರೆ.