ಮುಟ್ಟದೆ ಕಲಿತ ಗಾದಿಲಿಂಗಪ್ಪ
೧೯೮೮ರ ಬಳ್ಳಾರಿಯಲ್ಲಿ ಕಂಪ್ಯೂಟರ್ ತಂದ ಆಫೀಸುಗಳಲ್ಲಿ ಮೋಕಾ ಊರಿನ ಗಾದಿಲಿಂಗಪ್ಪನ ನೌಕರಿ ಅರ್ಜಿ ತಲುಪದ್ದು ಒಂದೂ ಇರಲಿಲ್ಲ. ಇಸ್ತ್ರಿ ಅಂಗಿ, ಪ್ಲಾಸ್ಟಿಕ್ ಹೊದಿಸಿದ ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟು, ಬಾಯಿತುಂಬ ‘ಡೇಟಾಬೇಸು’. ಅದೇನೆಂದು ಕೇಳಿದರೆ ಮಾತ್ರ, “ಭಾಳ ದೊಡ್ಡದೈತ್ರಿ” ಎನ್ನುತ್ತಿದ್ದ. ಹತ್ತಿಗಿರಣಿಯ ಮ್ಯಾನೇಜರ್ ತಿಪ್ಪೇರುದ್ರಪ್ಪನವರು ಅವನನ್ನು ಸಂದರ್ಶನಕ್ಕೆ ಕರೆಸಿ, ಮೇಜಿನ ಮೇಲಿದ್ದ ಕಂಪ್ಯೂಟರ್ ತೋರಿಸಿ, “ಚಾಲೂ ಮಾಡ್ರಿ, ನೋಡೋಣ” ಎಂದಾಗ ಅವನು ಚಪ್ಪಲಿ ಬಿಟ್ಟು ಅದಕ್ಕೆ ಕೈಮುಗಿದು ನಿಂತ. “ಯಾವತ್ತಾರ ಮುಟ್ಟೀರೇನು?” ಎಂದು ಅವರು ನಕ್ಕರು. “ನೋಡೀನ್ರಿ. ಕೌಲ್ ಬಜಾರಿನ ಕ್ಲಾಸಿನ್ಯಾಗ ನಲವತ್ತು ಮಂದಿಗೆ ಒಂದ ಮಷೀನ್ ಇತ್ತು, ಮುಟ್ಟಾಕ ಬಿಡ್ತಿರಲಿಲ್ಲ. ಮನ್ಯಾಗ ರಟ್ಟಿನ ಮ್ಯಾಲೆ ಅದರ ಕೀಲಿ ಬರ್ಕೊಂಡು ಬೆರಳಿಲೆ ಬಡೀತಿದ್ದೆ.” ಮ್ಯಾನೇಜರ್ ನಗು ನಿಲ್ಲಿಸಿ, ತಾವೇ ಚಾಲೂ ಮಾಡಿ, ಕುರ್ಚಿ ಬಿಟ್ಟುಕೊಟ್ಟರು. ಅವನ ಹತ್ತೂ ಬೆರಳು ಕೀಲಿಗಳ ಮೇಲೆ ತಾವಾಗಿಯೇ ಓಡಿದವು. ಪರದೆಯ ಮೇಲೆ ಅಕ್ಷರ ಮೂಡಿದ್ದು ಕಂಡು ಅವನೇ ಬೆಚ್ಚಿ ಕೈ ತೆಗೆದ. “ತೆಗೀಬ್ಯಾಡ್ರಿ,” ಎಂದರು ತಿಪ್ಪೇರುದ್ರಪ್ಪನವರು, “ಇನ್ನೊಂದಿಷ್ಟು ಹೊಡೀರಿ.”