ಎಮ್ಮೆಯನ್ನು ಹೊಲಿದು ಕೊಟ್ಟವರು

ಅವರಿಗೆ ಮೇಲಿನ ಸಾಲಿನ ಎರಡು ಹಲ್ಲು ಇರಲಿಲ್ಲ. ಮಾತಾಡುವಾಗ ಆ ಸಂದಿಯಿಂದ ಗಾಳಿ ಹೊರಟು ಸಣ್ಣಗೆ ಸಿಳ್ಳೆ ಹಾಕಿದಂತಾಗುತ್ತಿತ್ತು. ಇಂಜೆಕ್ಷನ್ ಮಾಡಲು ಹೋದಾಗ ಹೋರಿಯೊಂದು ಒದ್ದದ್ದಂತೆ. ಯಾರಾದರೂ ಕೇಳಿದರೆ, "ಅದರದೇನು ತಪ್ಪಿಲ್ರಿ. ನಾನ ಸದ್ದಿಲ್ದ ಹಿಂದ ಹೋಗಿದ್ದೆ" ಅನ್ನುತ್ತಿದ್ದರು.

ಹಚ್ಚೊಳ್ಳಿಯ ದನದ ದವಾಖಾನೆಯಲ್ಲಿ ಅವರು ಕಂಪೌಂಡರು. ಊರು ಕುರುಗೋಡು. ನಮ್ಮ ಓಣಿಯಲ್ಲೇ ಒಂದು ಖೋಲಿ ಹಿಡಿದಿದ್ದರು, ಶನಿವಾರ ಮನೆಗೆ ಹೋಗುತ್ತಿದ್ದರು. ದನದ ಮೈ ಮುಟ್ಟುವ ಮೊದಲು ಅದರ ಹೆಸರು ಕೇಳುವುದು ಅವರ ರೂಢಿ. ಹೆಸರಿಲ್ಲ ಅಂದರೆ ತಾವೇ ಒಂದು ಇಟ್ಟು, ಆ ಹೆಸರಿನಿಂದ ಕರೆದು, ಆಮೇಲೆ ಕೈ ಹಚ್ಚುತ್ತಿದ್ದರು. ನಮ್ಮ ಎಮ್ಮೆಗೆ ಹೆಸರಿತ್ತು, ಗೌರಿ. ಅಪ್ಪ ತೀರಿಕೊಂಡ ಮೇಲೆ ನಾನು ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದುದು ಅವಳ ಹಾಲಿನ ಮೇಲೆ.

ಇನ್ನೊಂದು ವರ್ಷದ ಓದು ಬಾಕಿ ಇತ್ತು. ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ಒಂದು ಸಂಜೆ ಇದ್ದಕ್ಕಿದ್ದಂತೆ ಧೂಳು ಎದ್ದಿತು. ಹಿಂದೆಯೇ ಬಿರುಗಾಳಿ, ಆಲಿಕಲ್ಲು. ಕೊಯ್ಲಿಗೆ ಬಂದ ಭತ್ತ ನೆಲಕ್ಕೆ ಮಲಗಿತು, ಮನೆಗಳ ತಗಡು ಹಾರಿ ಕಾಲುವೆಗೆ ಬಿದ್ದವು. ನಮ್ಮ ಹಿತ್ತಲಿನ ಬೇವಿನ ಮರ ಬುಡಸಮೇತ ಕೊಟ್ಟಿಗೆಯ ಮೇಲೆ ಉರುಳಿತು. ಗೌರಿ ತುಂಬು ಗಬ್ಬವಾಗಿದ್ದಳು. ಅಕ್ಕಪಕ್ಕದವರು ಬಂದು ಕೊಂಬೆ ಕಡಿಯುವುದರೊಳಗೆ ಉಸಿರು ನಿಂತಿತ್ತು.

ಮರುದಿನ ಬೆಳಿಗ್ಗೆ ಅವ್ವ ಅವಳ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಕುಣಿ ತೋಡಿಸುತ್ತಿದ್ದಳು. ಅಷ್ಟರಲ್ಲಿ ಅವರು ಬಂದರು. ಗೌರಿಯ ಕಿವಿಯಲ್ಲಿದ್ದ ಹಳದಿ ಬಿಲ್ಲೆಯ ನಂಬರು ಬರೆದುಕೊಂಡು, ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಅಕ್ಕಾ, ಈಗ ಹೂಳಬ್ಯಾಡ್ರಿ. ಸಿರುಗುಪ್ಪದಿಂದ ಡಾಕ್ಟ್ರು ಬರಾಕ್ಹತ್ಯಾರ. ಕೊಯ್ದು ನೋಡಿ ಸರ್ಟಿಫಿಕೇಟ್ ಬರೀಬೇಕು. ಅದಿಲ್ಲಂದ್ರ ಸರಕಾರದ ಪರಿಹಾರ ಬರಂಗಿಲ್ಲ."

"ಬಸುರಿ ಅದಾಳ. ಕೊಯ್ಯಾಕ ಬಿಡಂಗಿಲ್ಲ."

"ಮಗಳ ಓದು ಐತ್ರಿ ಅಕ್ಕಾ."

ಅವ್ವ ಎದ್ದವಳೇ ಅವರ ಕೆನ್ನೆಗೆ ಬಾರಿಸಿದಳು. "ಹೆಣದಾಗ ರೊಕ್ಕ ಹುಡುಕಾಕ ಬಂದೀ ಏನಲೇ?"

ಅರ್ಧ ಓಣಿ ಅಲ್ಲೇ ನಿಂತಿತ್ತು. ಅವರು ಕೆನ್ನೆ ಸಹ ಮುಟ್ಟಿಕೊಳ್ಳಲಿಲ್ಲ. ಹೋಗಿ ಗೌರಿಯ ಪಕ್ಕ ಕೂತರು. ರಸ್ತೆಗೆ ಕರೆಂಟಿನ ಕಂಬಗಳು ಬಿದ್ದಿದ್ದರಿಂದ ಡಾಕ್ಟರ ಜೀಪು ಬರುವಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಯವರೆಗೆ ಅವರು ಎದ್ದು ನೀರು ಕುಡಿದದ್ದನ್ನೂ ನಾನು ಕಾಣಲಿಲ್ಲ. ಟವೆಲ್ ಬೀಸಿ ನೊಣ ಓಡಿಸುತ್ತ ಕೂತಿದ್ದರು. ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಬರೆದುಕೊಂಡರು. ಮನೆಯವರ ಪರವಾಗಿ ಸಹಿ ಹಾಕಿದವಳು ನಾನು. ಅವ್ವ ಒಳಗೆ ಹೋಗಿ ಕದ ಹಾಕಿಕೊಂಡಳು.

ಡಾಕ್ಟರು ಕೊಯ್ದು ನೋಡಿ, ಬರೆದುಕೊಂಡು, ಮುಂದಿನ ಊರಿಗೆ ಹೊರಟರು. ಸರಕಾರದ ಕೆಲಸ ಅಲ್ಲಿಗೆ ಮುಗಿದಿತ್ತು. ಇವರು ಮಾತ್ರ ಹೋಗಲಿಲ್ಲ. ಕರುವನ್ನು ಅದರ ಜಾಗದಲ್ಲೇ ಇಟ್ಟು, ಬಾಗಿದ ಸೂಜಿಗೆ ದಾರ ಪೋಣಿಸಿ, ಗೌರಿಯ ಹೊಟ್ಟೆ ಹೊಲಿಯತೊಡಗಿದರು. ಬದುಕಿರುವ ದನಕ್ಕೆ ಹಾಕಿದಂತೆ, ಒತ್ತೊತ್ತಾದ ಹೊಲಿಗೆ. ನನ್ನಿಂದ ನೀರು ತರಿಸಿ ರಕ್ತವನ್ನೆಲ್ಲ ತೊಳೆದರು. ಆಮೇಲೆ, "ಈಗ ಅವ್ವನ್ನ ಕರಿ ತಂಗಿ. ನೋಡಬಹುದು" ಅಂದರು.

ಅವ್ವ ಬಂದು ಮತ್ತೊಮ್ಮೆ ಕುಂಕುಮ ಹಚ್ಚಿದಳು. ಅವರ ಕಡೆ ತಿರುಗಿಯೂ ನೋಡಲಿಲ್ಲ.

ಅರ್ಜಿಗೂ ಅವರೇ ಓಡಾಡಿದರು. ಆಧಾರ್‌ನಲ್ಲಿ ಅವ್ವನ ಹೆಸರು ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ ಇತ್ತು. ನಮ್ಮಿಬ್ಬರನ್ನೂ ಸಿರುಗುಪ್ಪಕ್ಕೆ ಕರೆದೊಯ್ದು ತಿದ್ದಿಸಿದರು. ಬಸ್ಸಿನಲ್ಲಿ ಅವ್ವ ಅವರಿಗೆ ಬೆನ್ನು ಮಾಡಿ ಕೂತಿದ್ದಳು. ದಸರೆಯ ಹೊತ್ತಿಗೆ ಪರಿಹಾರ ಖಾತೆಗೆ ಬಂತು. ಹಾಲು ಕೊಡುವ ಎಮ್ಮೆಗೆ ಅದು ಸಾಲಲಿಲ್ಲ, ಇನ್ನೂ ಈಯದ ಒಂದು ಮಣಕ ಬಂತು. ಮಿಕ್ಕ ಹಣ ಫೀಸಿಗಾಯಿತು, ನಾನು ಓದು ಬಿಡಲಿಲ್ಲ.

ಆ ಮಣಕ ಮೊದಲ ಸಲ ಈದಾಗ ಅವ್ವ ಒಂದು ತಂಬಿಗೆ ಗಿಣ್ಣದ ಹಾಲು ತೆಗೆದಿಟ್ಟು, "ಅವ್ರಿಗೆ ಕೊಟ್ಟು ಬಾ" ಅಂದಳು.

"ನೀನ ಹೋಗವ್ವಾ."

"ಯಾವ ಮಾರಿ ಹೊತ್ಕೊಂಡು ಹೋಗ್ಲಿ?"

ನಾನೇ ಹೋದೆ. "ಅಕ್ಕಾರು ಕೊಟ್ರೇನು? ಖರೇನ ಅಕ್ಕಾರ ಕೊಟ್ರೇನು?" ಎಂದು ಎರಡು ಸಲ ಕೇಳಿ ತಂಬಿಗೆ ಇಸಿದುಕೊಂಡರು.

ಆಮೇಲೆ ಅವರಿಗೆ ವರ್ಗವಾಯಿತು. ಒಂದಿನ ಕುರುಗೋಡಿಗೆ ಹೋಗಿ ತಪ್ಪಾಯಿತು ಅನ್ನಬೇಕು ಎಂದು ಅವ್ವ ಪ್ರತಿ ಹಬ್ಬಕ್ಕೂ ಹೇಳುತ್ತಿದ್ದಳು. ನನಗೆ ಬಳ್ಳಾರಿಯಲ್ಲಿ ಶಾಲೆಯ ಕೆಲಸ ಸಿಕ್ಕಿತು. ಬಿಡುವಾದಾಗ ಹೋದರಾಯಿತು ಎಂದು ನಾನೂ ಮುಂದೂಡುತ್ತಲೇ ಬಂದೆ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಕೊನೆಯ ಹತ್ತು ದಿನ ಬಳ್ಳಾರಿಯ ಆಸ್ಪತ್ರೆಯಲ್ಲೇ ಇದ್ದರಂತೆ, ನನ್ನ ಶಾಲೆಯಿಂದ ಎರಡು ಬೀದಿ ಆಚೆ. ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ.

ಅವ್ವನನ್ನು ಕರೆದುಕೊಂಡು ಕುರುಗೋಡಿಗೆ ಹೋದೆ. ಅವರ ಹೆಂಡತಿಯ ಎದುರು ಕೂತು ಅವ್ವ ಏನನ್ನೂ ಮುಚ್ಚಿಡದೆ ಹೇಳಿದಳು. ಆ ತಾಯಿ ಕೇಳಿಸಿಕೊಂಡು, ಅವ್ವನ ಕೈ ಹಿಡಿದು, "ನಮಗ ಇದು ಗೊತ್ತ ಇಲ್ರಿ. ಹಚ್ಚೊಳ್ಳಿ ಮಂದಿ ಭಾಳ ಛಲೋ ಅಂತಿದ್ರು, ಅಷ್ಟ" ಅಂದರು.

ತಿರುಗಿ ಬರಲು ಬಸ್ಸು ಹತ್ತಿದೆವು.

"ಅವ್ರು ಹೆಂಡ್ತಿಗಾದ್ರೂ ಹೇಳಬೇಕಿತ್ತು. ಆಕಿಯಾದ್ರೂ ಇವತ್ತ ನನ್ನ ಬೈತಿದ್ಲು" ಅಂದಳು ಅವ್ವ.